ಸಹಾಯ ಬೇಕು: ಡಿಕಾಲ್ ಫಿಲ್ಮ್ ಅಡಿ ಬೆಳ್ಳಗೆ ಮಿಂಚುತ್ತಿದೆ (1/72 ಅಳತೆಯ ಸ್ಪಿಟ್‌ಫೈರ್ ಮಾಡೆಲ್)

ಎಲ್ಲರಿಗೂ ನಮಸ್ಕಾರ. ಕಟ್ಟುತ್ತಿರೋದು 1940ರ ಬ್ರಿಟಿಷ್ ಯುದ್ಧವಿಮಾನ ಸ್ಪಿಟ್‌ಫೈರ್ ಮಾರ್ಕ್ 1ರ ಮಾಡೆಲ್; ತೊಂದರೆ ಅದರ ಡಿಕಾಲ್‌ಗಳದ್ದು, ಅಂದರೆ ನೀರಲ್ಲಿ ನೆನೆಸಿ ಅಂಟಿಸುವ ತೆಳು ಪಾರದರ್ಶಕ ಫಿಲ್ಮ್ ಮೇಲಿನ ಗುರುತುಗಳದ್ದು. ಮೇಲ್ಭಾಗಕ್ಕೆ ಕಡು ಹಸಿರು ಮತ್ತು ಮಣ್ಣಿನ ಬಣ್ಣ, ಎರಡೂ ಟಮಿಯಾ ಕಂಪನಿಯ ಮ್ಯಾಟ್ (ಹೊಳಪಿಲ್ಲದ) ಅಕ್ರಿಲಿಕ್, ಏರ್‌ಬ್ರಷ್‌ನಲ್ಲಿ ಹೊಡೆದದ್ದು. ಅದರ ಮೇಲೆ ಟಮಿಯಾದ್ದೇ ಎಕ್ಸ್-22 ಗ್ಲಾಸ್ (ಹೊಳಪಿನ ಪಾರದರ್ಶಕ ಲೇಪ), ಎರಡು ತೆಳು ಪದರ.

ರೆಕ್ಕೆಯ ರೌಂಡಲ್‌ಗಳು (ದುಂಡು ವಾಯುಪಡೆ ಗುರುತುಗಳು) ಬಣ್ಣ ಬಳಿದ ಹಾಗೇ ಕೂತಿವೆ. ತೊಂದರೆ ಇರೋದು ವಿಮಾನದ ಬದಿಯ ಬೂದು ಕೋಡ್ ಅಕ್ಷರಗಳಲ್ಲಿ. ಎರಡು ಅಕ್ಷರಗಳ ನಡುವಿನ ಪಾರದರ್ಶಕ ಫಿಲ್ಮ್ ಕೆಳಗೆ ಬೆಳ್ಳಿಯಂಥ ಮಿಂಚು. ಟಾರ್ಚ್ ಓರೆಯಾಗಿ ಹಿಡಿದರೆ ಸುತ್ತಲಿನ ಗ್ಲಾಸ್ ಇನ್ನೂ ಮರಳುಮರಳಾಗಿ ಕಾಣುತ್ತೆ, ಅಂದರೆ ಆ ಒರಟಿನಲ್ಲೇ ಗಾಳಿ ಸಿಕ್ಕಿಕೊಂಡಿದೆ. ಸಣ್ಣ ಸೂಜಿಯಿಂದ ಚುಚ್ಚಿ ಮೈಕ್ರೋ ಸಾಲ್ (ಡಿಕಾಲ್ ಮೆದುಗೊಳಿಸುವ ದ್ರವ) ಹಚ್ಚಿದ ಮೇಲೆ ಫಿಲ್ಮ್ ಪ್ಯಾನೆಲ್ ಗೆರೆಗಳ ಹತ್ತಿರ ಇಳಿದು ಕೂತಿತು. ನಡುವೆ ಅಕ್ಕಿಕಾಳಿನಷ್ಟು ಬಿಳಿ ಹಾಗೇ ಉಳಿದಿದೆ.

ಹೊಸ ಬ್ಲೇಡಿನಿಂದ ಅಕ್ಷರದ ಅಂಚಿಗೇ ಫಿಲ್ಮ್ ಕೊಯ್ದು ತೆಗೆಯಬಹುದಾ, ಅಥವಾ ಸೂಜಿ ರಂಧ್ರಕ್ಕೆ ತೆಳು ಗ್ಲಾಸ್ ಹನಿಸಿ ಒಳಗೆ ಎಳೆದುಕೊಳ್ಳಲು ಬಿಡಬೇಕಾ? ಟೇಪ್ ಹಾಕಿ ಎತ್ತಿದರೆ ಹಸಿರು ಬಣ್ಣವೂ ಕಿತ್ತು ಬರುತ್ತೆ ಅನ್ನೋ ಭಯ. ಡಿಕಾಲ್ ಶೀಟಿನಲ್ಲಿ ಬದಲಿಗೆ ಹಾಕಲು ಬೇರೆ ಅಕ್ಷರಗಳಿಲ್ಲ.

ಇನ್ನೊಂದು: ಮಂಗಳೂರಿನ ಮಳೆಗಾಲ. ಈ ತೇವದಲ್ಲಿ ಸ್ಪ್ರೇ ಕ್ಯಾನಿನ ಮ್ಯಾಟ್ ವಾರ್ನಿಷ್ ಹೊಡೆದರೆ ಬೂಷ್ಟು ಹಿಡಿದ ಹಾಗೆ ಬಿಳುಚಿಕೊಳ್ಳುತ್ತೆ. ಕರಾವಳಿಯಲ್ಲಿ ಮಾಡೆಲ್ ಕಟ್ಟುವವರು ಈ ತಿಂಗಳುಗಳಲ್ಲಿ ಯಾವ ಮ್ಯಾಟ್ ಬಳಸುತ್ತೀರಿ, ಹೊಡೆಯೋ ಮುಂಚೆ ಕೋಣೆ ಹೇಗೆ ಒಣಗಿಸುತ್ತೀರಿ, ದಯವಿಟ್ಟು ತಿಳಿಸಿ.