ಇಳಿಜಾರಿನಲ್ಲಿ ಚೈನ್ ಕಟಕಟ: ಗೇರ್ ಸೆಟ್ ಬದಲಿಸಿದರೆ ನಿಲ್ಲುತ್ತದಾ?

ನನ್ನದು 21 ಗೇರಿನ ಎಂಟಿಬಿ, ಅಂದರೆ ಗುಡ್ಡದ ದಾರಿಯ ಸೈಕಲ್, ನಾಲ್ಕು ವರ್ಷ ಹಳೇದು. ಶಿರಸಿ ಪೇಟೆಯ ಡಾಂಬರಿನಲ್ಲಿ ಏನೂ ತೊಂದರೆ ಇಲ್ಲ. ಸಹಸ್ರಲಿಂಗದ ಕಡೆ ಕಚ್ಚಾ ದಾರಿಗೆ ಇಳಿದರೆ ಸಾಕು, ಚೈನ್ ಫ್ರೇಮಿಗೆ ಬಡಿದು ತಗಡಿನ ಡಬ್ಬಿಯಲ್ಲಿ ಅಡಿಕೆ ಕುಲುಕಿದ ಹಾಗೆ ಸದ್ದು. ಎರಡು ಸಲ ಚೈನ್ ಬಿದ್ದೇ ಹೋಯಿತು. ಮಳೆಗಾಲದಲ್ಲಿ ಅದನ್ನು ಹಾಕುತ್ತಾ ನಿಂತರೆ ಉಂಬಳಗಳಿಗೆ ಹಬ್ಬ. ಮುಂದೆ ಪೆಡಲ್ ಬಳಿ ಮೂರು ಹಲ್ಲುಚಕ್ರದ ಬದಲು ಒಂದೇ ಚೈನ್‌ರಿಂಗ್, ಹಿಂದೆ ಕ್ಲಚ್ ಇರುವ ಡಿರೇಲರ್ (ಗೇರ್ ಬದಲಿಸುವಾಗ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವುದು) ಹಾಕಿಸು ಅಂತ ಗೆಳೆಯ ಹೇಳುತ್ತಾನೆ. ಯಾರಾದರೂ ಮಾಡಿಸಿದ್ದೀರಾ? ದುಡ್ಡು ದಂಡ ಆಗಬಾರದು, ಅಷ್ಟೇ.

ಕುಮಟಾದಿಂದ

ಮೊದಲು ಖರ್ಚಿಲ್ಲದ್ದು ಹೇಳುತ್ತೇನೆ. ಇಳಿಯುವಾಗ ಚೈನ್ ಮುಂದೆ ಯಾವ ರಿಂಗಿನ ಮೇಲಿರುತ್ತದೆ? ಹತ್ತಿದ ಗೇರಿನಲ್ಲೇ ಇಳಿಯುವವರೇ ಜಾಸ್ತಿ. ಚಿಕ್ಕ ರಿಂಗಿನಲ್ಲಿ ಚೈನ್ ಜೋಲು ಬಿದ್ದಿರುತ್ತದೆ. ಏರು ಮುಗಿದ ಕೂಡಲೇ ದೊಡ್ಡ ರಿಂಗಿಗೆ ಹಾಕಿ. ಚೈನ್ ಬಿಗಿಯಾಗುತ್ತದೆ, ಸದ್ದು ಅಲ್ಲೇ ಎಷ್ಟೋ ಕಮ್ಮಿ.

ಇನ್ನೊಂದು, ಹಳೇ ಟ್ಯೂಬ್. ಉದ್ದಕ್ಕೆ ಸೀಳಿ, ಚೈನ್ ಪಕ್ಕದಲ್ಲಿ ಹಿಂದಿನ ಚಕ್ರಕ್ಕೆ ಹೋಗುವ ಫ್ರೇಮಿನ ಕೊಳವೆಗೆ ಸುತ್ತಿ. ಎರಡೂ ತುದಿಗೆ ಕೇಬಲ್ ಟೈ. ಬಡಿತ ನಿಲ್ಲುವುದಿಲ್ಲ, ಆದರೆ ಬಡಿಯುವುದು ರಬ್ಬರಿಗೆ. ಬಣ್ಣವೂ ಉಳಿಯುತ್ತದೆ. ನಾನು ಇಷ್ಟರಲ್ಲೇ ಎರಡು ವರ್ಷ ದೂಡಿದೆ. ಚೈನ್ ಬೀಳುವುದಕ್ಕೆ ಮಾತ್ರ ಟ್ಯೂಬ್ ಮದ್ದಲ್ಲ.

ಶಿರಸಿಯಿಂದಲೇ

ನಾನು ಮಾಡಿಸಿದ್ದೇನೆ. ದುಡ್ಡು ದಂಡವೂ ಮಾಡಿಕೊಂಡಿದ್ದೇನೆ, ಆ ಕಥೆ ಮೊದಲು. ನನ್ನದು 24 ಗೇರಿನ ಗಾಡಿ, ಹಿಂದೆ 8 ಹಲ್ಲುಚಕ್ರ, ಅಂದರೆ 8 ಸ್ಪೀಡ್. ಕ್ಲಚ್ ಇರುವ 10 ಸ್ಪೀಡಿನ ಶಿಮಾನೋ ಡಿರೇಲರ್ ಸೆಕೆಂಡ್ ಹ್ಯಾಂಡ್ ಸಿಕ್ಕಿತು ಅಂತ ಹಿಗ್ಗಿ ಹ್ಯಾಂಡಲ್ ಮೇಲೆ ಗೇರ್ ಬದಲಿಸುವ ಹಳೇ ಶಿಫ್ಟರಿಗೇ ಕಟ್ಟಿದೆ. ಗೇರ್ ಕೂರಲೇ ಇಲ್ಲ. ತಪ್ಪು ನನ್ನದೇ. ಶಿಮಾನೋದ 8, 9 ಸ್ಪೀಡಿನ ಎಂಟಿಬಿ ಡಿರೇಲರಿಗೆ ಕೇಬಲ್ ಎಳೆತ (ಒಂದು ಗೇರ್ ಬದಲಿಸಲು ಕೇಬಲ್ ಎಷ್ಟು ಸರಿಯಬೇಕು ಅನ್ನುವುದು) ಒಂದೇ. 10ರಲ್ಲಿ ಅದು ಬದಲಾಯಿತು. ಹಾಗಾಗಿ ಡಿರೇಲರ್ ಒಂದನ್ನೇ ಕೊಳ್ಳಲು ಹೋಗಬೇಡಿ.

ಕೊನೆಗೆ ಮೈಕ್ರೋಶಿಫ್ಟ್ ಕಂಪನಿಯ ಅಡ್ವೆಂಟ್ ಸೆಟ್ ಹಾಕಿಸಿದೆ. 9 ಸ್ಪೀಡ್, 11ರಿಂದ 42 ಹಲ್ಲಿನ ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು). ಶಿಫ್ಟರ್, ಡಿರೇಲರ್, ಕ್ಯಾಸೆಟ್, ಚೈನ್ ಎಲ್ಲ ಒಟ್ಟಿಗೆ. ಮುಂದೆ 30 ಹಲ್ಲಿನ ನ್ಯಾರೋ-ವೈಡ್ ರಿಂಗ್.

ಚೈನ್ ಯಾಕೆ ಬಡಿಯುತ್ತದೆ ಹೇಳಿ? ಡಿರೇಲರಿನ ಕೆಳಗಿನ ತೋಳನ್ನು ಹಿಂದಕ್ಕೆ ಹಿಡಿದಿರುವುದು ಬರೀ ಒಂದು ಸ್ಪ್ರಿಂಗ್. ಚಿರೇಕಲ್ಲಿನ ಮೇಲೆ ಗಾಡಿ ಕುಕ್ಕಿದಾಗ ತೋಳು ಮುಂದಕ್ಕೆ ತೂಗುತ್ತದೆ, ಚೈನ್ ಸಡಿಲಾಗಿ ಹಾರುತ್ತದೆ. ಕ್ಲಚ್ ಆ ಮುಂದಿನ ತೂಗಾಟವನ್ನು ತಡೆಯುತ್ತದೆ. ಹಿಂದಕ್ಕೆ ಎಳೆದುಕೊಳ್ಳುವುದನ್ನು ತಡೆಯುವುದಿಲ್ಲ.

ಚೈನ್ ಬೀಳದ ಹಾಗೆ ನೋಡಿಕೊಳ್ಳುವುದು ಮುಂದಿನ ರಿಂಗ್. ಚೈನನ್ನು ಹತ್ತಿರದಿಂದ ನೋಡಿ: ಒಂದು ಕೊಂಡಿಯ ಸಂದು ಕಿರಿದು, ಮುಂದಿನದು ಅಗಲ. ನ್ಯಾರೋ-ವೈಡ್ ರಿಂಗಿನ ಹಲ್ಲೂ ಹಾಗೇ, ಒಂದು ಸಪೂರ, ಒಂದು ದಪ್ಪ. ಅದಕ್ಕೇ ಹಲ್ಲು ಯಾವಾಗಲೂ ಸರಿ ಸಂಖ್ಯೆ, 30, 32, 34 ಹೀಗೆ. ದಪ್ಪ ಹಲ್ಲು ಅಗಲ ಸಂದಿಗೇ ಕೂರಬೇಕು. ನಾನು ಮೊದಲ ಸಲ ಒಂದು ಹಲ್ಲು ಆಚೀಚೆ ಹಾಕಿ ಕಾಲು ಗಂಟೆ ತಲೆ ಕೆರೆದುಕೊಂಡೆ.

ಏರಿಗೆ ಗೇರ್ ಸಾಲುತ್ತದಾ ಅನ್ನುವ ಹೆದರಿಕೆ ನನಗೂ ಇತ್ತು. ಮೊದಲು ಅತಿ ಹಗುರದ್ದು ಮುಂದೆ 22 ಹಲ್ಲು, ಹಿಂದೆ 32. ಪೆಡಲ್ ಒಂದು ಸುತ್ತಿಗೆ ಚಕ್ರ 0.69 ಸುತ್ತು. ಈಗ 30ಕ್ಕೆ 42, ಅಂದರೆ 0.71. ದೇವಿಮನೆ ಘಟ್ಟ ಹತ್ತುವಾಗ ವ್ಯತ್ಯಾಸ ಗೊತ್ತೇ ಆಗಲಿಲ್ಲ. ಕಳೆದುಕೊಂಡಿದ್ದು ಇನ್ನೊಂದು ತುದಿಯಲ್ಲಿ. ಆಗ 42ಕ್ಕೆ 11, ಅಂದರೆ 3.8, ಈಗ 2.7. ಹೆದ್ದಾರಿಯ ಇಳಿಜಾರಿನಲ್ಲಿ ಕಾಲು ಸುಮ್ನೆ ತಿರುಗುತ್ತದೆ. ನಾನು ಹೆದ್ದಾರಿಗೆ ಹೋಗುವುದೇ ಕಮ್ಮಿ.

ಸದ್ದು ಮುಕ್ಕಾಲು ಪಾಲು ಹೋಯಿತು. ಪೂರ್ತಿ ಅಲ್ಲ. ಟ್ಯೂಬ್ ಸುತ್ತಿದ್ದನ್ನು ನಾನೂ ಬಿಚ್ಚಿಲ್ಲ.

ಈಗ ನಿಮ್ಮ ವಿಷಯ. 21 ಗೇರಿನ ಎಷ್ಟೋ ಗಾಡಿಗಳಲ್ಲಿ ಹಿಂದೆ ಇರುವುದು ಕ್ಯಾಸೆಟ್ ಅಲ್ಲ, ಚಕ್ರದ ನಡುವಿನ ಹಬ್ಬಿಗೆ ತಿರುಪಿ ಕೂರಿಸಿದ ಫ್ರೀವೀಲ್. ಆ ಹಬ್ಬಿನ ಮೇಲೆ ಈ ಕ್ಯಾಸೆಟ್ ಕೂರುವುದಿಲ್ಲ, ಹಬ್ ಇಲ್ಲವೇ ಇಡೀ ಚಕ್ರ ಬೇಕು. ಚಕ್ರ ಬಿಚ್ಚಿ ಹಲ್ಲುಗಳನ್ನು ಹಿಂದಕ್ಕೆ ತಿರುಗಿಸಿ ನೋಡಿ. ನಡುವೆ ಟೂಲ್ ಹಾಕುವ ಕಚ್ಚುಗಳಿರುತ್ತವಲ್ಲ, ಅವೂ ಜೊತೆಗೇ ತಿರುಗಿದರೆ ಕ್ಯಾಸೆಟ್. ನಿಂತಲ್ಲೇ ನಿಂತರೆ ಫ್ರೀವೀಲ್. ಇದನ್ನು ನೋಡದೆ ಒಂದು ರೂಪಾಯಿಯೂ ಬಿಚ್ಚಬೇಡಿ.

ಕಾರವಾರದಿಂದ

ಒಂದು ಮಾತು ಯಾರೂ ಕೇಳಲಿಲ್ಲ. ಸದ್ದು ಬರುವುದು ತುಳಿಯದೆ ಇಳಿಯುವಾಗಲಾ, ತುಳಿದಾಗಲೂ ಬರುತ್ತದಾ? ಬರೀ ಇಳಿಯುವಾಗ ಅಂದರೆ ಮೇಲಿನವರು ಹೇಳಿದ್ದೇ ಸರಿ. ತುಳಿದಾಗ ಕಿರ್ರ್ ಅಂದರೆ ತುಕ್ಕೋ ಸವೆತವೋ, ಕ್ಲಚ್ ಏನೂ ಮಾಡಲಾರದು. ನಮ್ಮಲ್ಲಿ ಈ ಎರಡನೆಯದೇ ಜಾಸ್ತಿ. ಟಾಗೋರ್ ತೀರದ ಮರಳಿನಲ್ಲಿ ಓಡಿಸಿ ಒರೆಸದೆ ಇಟ್ಟರೆ ಮಾರನೇ ದಿನಕ್ಕೇ ಚೈನ್ ಕೆಂಪು.

ಒಂದು ಅಡಿಯ ಸ್ಕೇಲ್ ತಗೊಳ್ಳಿ. ಹೊಸ ಚೈನಿನಲ್ಲಿ ಒಂದು ಪಿನ್ನಿನ ನಡುವಿನಿಂದ 24 ಕೊಂಡಿ ಆಚೆಯ ಪಿನ್ನಿಗೆ ಸರಿಯಾಗಿ 12 ಇಂಚು. ಅದಕ್ಕಿಂತ 1/16 ಇಂಚಿನಷ್ಟು ಉದ್ದ ಜಾಸ್ತಿಯಾಗಿದ್ದರೆ ಚೈನ್ ಬದಲಿಸಿ. ಮತ್ತೆ, ಕೊಬ್ಬರಿ ಎಣ್ಣೆ ಮಾತ್ರ ಬೇಡ. ನಮ್ಮ ಬೀದಿಯಲ್ಲೇ ಹಾಕುವವರಿದ್ದಾರೆ. ಎರಡು ದಿನ ಸದ್ದಿಲ್ಲ, ಆಮೇಲೆ ಮರಳು ಕಲಸಿಕೊಂಡು ಅರೆಯುವ ಕಲ್ಲೇ ಸೈ. ಚೈನ್ ಎಣ್ಣೆ ಒಂದೊಂದು ಕೊಂಡಿಗೆ ಒಂದು ಹನಿ ಬಿಟ್ಟು, ಹೊರಗಿನದನ್ನು ಬಟ್ಟೆಯಲ್ಲಿ ಒರೆಸಿಬಿಡಿ.

ಕ್ಲಚ್ ಹಾಕಿಸಿದರೂ ಮಳೆಗಾಲ ಮುಗಿದ ಮೇಲೆ ಅದರ ಮುಚ್ಚಳ ಬಿಚ್ಚಿಸಿ ಗ್ರೀಸ್ ನೋಡಿಸಿ. ನನ್ನದು ಒಳಗೆ ತುಕ್ಕು ಹಿಡಿದು ತೋಳೇ ಮಿಸುಕಾಡುತ್ತಿರಲಿಲ್ಲ.

ಕೇಳಿದವರು

ನೋಡಿದೆ ಮಾರಾಯ್ರೆ. ಕಚ್ಚು ಅಲ್ಲಾಡಲಿಲ್ಲ, ಫ್ರೀವೀಲೇ. ಚಕ್ರ ಸಮೇತ ಲೆಕ್ಕ ಹಾಕಿದರೆ ಈ ಹಳೇ ಗಾಡಿಗೆ ಅಷ್ಟು ಸುರಿಯಲು ಮನಸ್ಸು ಬರಲಿಲ್ಲ. ಮುಂದಿನ ಗಾಡಿಯನ್ನೇ ಕ್ಲಚ್ ಇರುವುದು ನೋಡಿ ಕೊಳ್ಳುತ್ತೇನೆ.

ಚೈನ್ ಅಳೆದರೆ 1/8 ಇಂಚು ಜಾಸ್ತಿ ಉದ್ದ! ಹೊಸದು ಹಾಕಿಸಿದೆ, ಅದು ಸವೆದ ಹಲ್ಲಿನ ಮೇಲೆ ಜಾರತೊಡಗಿತು, ಕೊನೆಗೆ ಫ್ರೀವೀಲೂ ಹೊಸದು. ಟ್ಯೂಬ್ ಸುತ್ತಿದೆ. ನಿನ್ನೆ ಸಹಸ್ರಲಿಂಗಕ್ಕೆ ದೊಡ್ಡ ರಿಂಗಿನಲ್ಲೇ ಇಳಿದೆ. ಚೈನ್ ಬೀಳಲಿಲ್ಲ, ಬಡಿತ ದಬ್ ದಬ್ ಅಂತ ಮೆತ್ತಗೆ. ಆದರೂ ಎಲ್ಲೋ ಒಂದು ಟಿಣ್ ಟಿಣ್ ಉಳಿದಿತ್ತು. ಹೊಳೆಯ ಹತ್ತಿರ ನಿಲ್ಲಿಸಿ ಹುಡುಕಿದರೆ ಸೀಟಿನ ಕೆಳಗಿನ ಚೀಲದಲ್ಲಿ ಎರಡು ಸ್ಪ್ಯಾನರ್. ಈಗ ಅವಕ್ಕೂ ಟ್ಯೂಬ್ ಸುತ್ತಿದ್ದೇನೆ.