13 ಡಿಗ್ರಿ ಅಕ್ಷಾಂಶ, 8 ಇಂಚಿನ ನ್ಯೂಟೋನಿಯನ್, ಮೊಟ್ಟೆಯಂಥ ನಕ್ಷತ್ರ: ದುಬಾರಿ ಮೌಂಟ್ ತಂದರೆ ಸರಿಹೋಗುತ್ತಾ?

ನಂದಿತಪ್ಪಲು (ಚಿಕ್ಕಬಳ್ಳಾಪುರ)

ಎಲ್ಲರಿಗೂ ನಮಸ್ಕಾರ. ಚೀಟಿ ಎತ್ತಿದ ದುಡ್ಡು ಕೈಯಲ್ಲಿದೆ. ಬೇರೆ ಯಾವುದಕ್ಕಾದರೂ ಕರಗಿಹೋಗುವ ಮೊದಲು ಒಳ್ಳೆಯ ಮೌಂಟ್ (ಟೆಲಿಸ್ಕೋಪನ್ನು ಹೊತ್ತು ಆಕಾಶದ ಜೊತೆ ತಿರುಗಿಸುವ ಯಂತ್ರ) ತೆಗೆದುಕೊಳ್ಳೋಣ ಅಂತ ಯೋಚನೆ.

ಟೆಲಿಸ್ಕೋಪ್ 8 ಇಂಚಿನ ಎಫ್/5 ನ್ಯೂಟೋನಿಯನ್, ಅಂದರೆ ಕನ್ನಡಿಯದು; ಫೋಕಲ್ ಲೆಂತ್ 1000 ಮಿ.ಮೀ. ಕ್ಯಾಮೆರಾದ ಪಿಕ್ಸೆಲ್ 3.76 ಮೈಕ್ರಾನ್. ಕ್ಯಾಮೆರಾ, ಗೈಡ್ ಸ್ಕೋಪ್ (ಒಂದು ನಕ್ಷತ್ರ ನೋಡಿಕೊಂಡು ಮೌಂಟನ್ನು ತಿದ್ದುವುದಕ್ಕೆ ಇರುವ ಚಿಕ್ಕ ಟೆಲಿಸ್ಕೋಪ್), ರಿಂಗು ಎಲ್ಲಾ ಸೇರಿ 13 ಕೆ.ಜಿ. ಈಗಿನ ಮೌಂಟ್ ಸೆಕೆಂಡ್ ಹ್ಯಾಂಡ್, ವರ್ಮ್ ಗೇರ್‌ನದು (ಸ್ಕ್ರೂವಿನಂಥ ವರ್ಮ್ ಹಲ್ಲಿನ ಚಕ್ರವನ್ನು ತಿರುಗಿಸುತ್ತದೆ), 20 ಕೆ.ಜಿ. ಹೊರುತ್ತದೆ ಅಂತ ಬರೆದಿದ್ದಾರೆ. ಎರಡನೇ ಮಹಡಿಯ ತಾರಸಿ ಮೇಲೆ ಟ್ರೈಪಾಡ್ ಇಟ್ಟು ಫೋಟೋ ತೆಗೆಯುತ್ತೇನೆ.

180 ಸೆಕೆಂಡಿನ ಫ್ರೇಮ್‌ನಲ್ಲಿ ನಕ್ಷತ್ರ ದುಂಡಗೆ ಬರುವುದಿಲ್ಲ, ಮೊಟ್ಟೆಯಾಗುತ್ತದೆ. ಗೈಡಿಂಗ್ ಮಾಡುವ ಪಿಎಚ್‌ಡಿ2 ತಂತ್ರಾಂಶದ ಗ್ರಾಫ್‌ನಲ್ಲಿ ಒಟ್ಟು ಆರ್‌ಎಂಎಸ್ (ಸರಾಸರಿ ಅಲುಗಾಟ) 1.75 ಆರ್ಕ್‌ಸೆಕೆಂಡ್ (ಡಿಗ್ರಿಯ 3600ನೇ ಒಂದು ಭಾಗ ಒಂದು ಆರ್ಕ್‌ಸೆಕೆಂಡ್). ಇನ್ನೂ ಎರಡು ವಿಷಯ. ಕೌಂಟರ್‌ವೇಟ್ (ಟ್ಯೂಬಿನ ಭಾರ ಸರಿದೂಗಿಸುವ ತೂಕ) ಟ್ರೈಪಾಡ್‌ನ ಉತ್ತರದ ಕಾಲಿಗೆ ತಾಗುತ್ತಿತ್ತು, ಅದಕ್ಕೇ ಎರಡು ಕಾಲು ಉತ್ತರಕ್ಕೆ ಬರುವ ಹಾಗೆ ತಿರುಗಿಸಿ ಇಟ್ಟಿದ್ದೇನೆ. ಧ್ರುವ ನಕ್ಷತ್ರ ಪಕ್ಕದ ಮನೆಯ ನೀರಿನ ಟ್ಯಾಂಕ್ ಹಿಂದೆ ಅಡಗಿಕೊಂಡಿದೆ.

ಕಣ್ಣಿಟ್ಟಿರುವುದು ಮೂರು: ಝಡ್‌ಡಬ್ಲ್ಯೂಒ ಎಎಂ5, ಐಆಪ್ಟ್ರಾನ್ ಸಿಇಎಂ70, ಮನಸ್ಸು ಗಟ್ಟಿ ಮಾಡಿದರೆ ಟೆನ್‌ಮೈಕ್ರಾನ್ ಜಿಎಂ1000 ಎಚ್‌ಪಿಎಸ್. ಕೊನೆಯದರ ಬೆಲೆಯನ್ನು ಮನೆಯಲ್ಲಿ ಹೇಳುವ ಧೈರ್ಯ ಇನ್ನೂ ಬಂದಿಲ್ಲ. ಯಾವುದಕ್ಕೆ ಹೋಗಲಿ?

ದುರ್ಗದಬೆಟ್ಟ (ತುಮಕೂರು)

ಮೌಂಟ್ ಆಮೇಲೆ ನೋಡೋಣ ಸರ್. ಒಟ್ಟು ಆರ್‌ಎಂಎಸ್ ಒಂದರಿಂದ ಏನೂ ಗೊತ್ತಾಗುವುದಿಲ್ಲ. ಆರ್‌ಎ (ಪೂರ್ವ-ಪಶ್ಚಿಮಕ್ಕೆ ತಿರುಗುವ ಅಕ್ಷ) ಎಷ್ಟು, ಡೆಕ್ (ಉತ್ತರ-ದಕ್ಷಿಣದ್ದು) ಎಷ್ಟು, ಬೇರೆ ಬೇರೆ ಹೇಳಿ. ಮೊಟ್ಟೆಯ ಉದ್ದ ಪೂರ್ವ-ಪಶ್ಚಿಮಕ್ಕಾ, ಉತ್ತರ-ದಕ್ಷಿಣಕ್ಕಾ? ಗಾಳಿ ಇಲ್ಲದ ರಾತ್ರಿ ಪಿಎಚ್‌ಡಿ2ನಲ್ಲಿ ಗೈಡಿಂಗ್ ಅಸಿಸ್ಟೆಂಟ್ ಓಡಿಸಿ. ಕೊನೆಯಲ್ಲಿ ಬರುವ ಬ್ಯಾಕ್‌ಲ್ಯಾಶ್ (ಗೇರ್ ಹಲ್ಲುಗಳ ನಡುವಿನ ಸಡಿಲ) ಪರೀಕ್ಷೆಯನ್ನೂ ಬಿಡಬೇಡಿ.

ನಂದಿತಪ್ಪಲು (ಚಿಕ್ಕಬಳ್ಳಾಪುರ)

ಮಾಡಿದೆ. ಆರ್‌ಎ 0.7, ಡೆಕ್ 1.6. ಉದ್ದ ಉತ್ತರ-ದಕ್ಷಿಣಕ್ಕೇ ಇದೆ. ಡೆಕ್ ಬ್ಯಾಕ್‌ಲ್ಯಾಶ್ ಎರಡೂವರೆ ಸೆಕೆಂಡಿಗಿಂತ ಜಾಸ್ತಿ ತೋರಿಸಿತು. ಕೆಟ್ಟರೆ ಆರ್‌ಎ ಕೆಡಬೇಕಲ್ವಾ? ರಾತ್ರಿಯೆಲ್ಲಾ ತಿರುಗುವುದು ಅದೇ ತಾನೇ?

ದುರ್ಗದಬೆಟ್ಟ (ತುಮಕೂರು)

ಸುಳಿವು ಇರುವುದೇ ಅಲ್ಲಿ. ಆರ್‌ಎ ಮೋಟರ್ ಸೆಕೆಂಡಿಗೆ 15 ಆರ್ಕ್‌ಸೆಕೆಂಡ್‌ನಂತೆ ಒಂದೇ ದಿಕ್ಕಿಗೆ ಓಡುತ್ತಿರುತ್ತದೆ. ಹಾಗಾಗಿ ಗೇರ್ ಹಲ್ಲು ಸಾಮಾನ್ಯವಾಗಿ ಒಂದೇ ಪಕ್ಕಕ್ಕೆ ಒತ್ತಿಕೊಂಡಿರುತ್ತದೆ. ಡೆಕ್ ಸುಮ್ನೆ ನಿಂತಿರಬೇಕಾದ ಅಕ್ಷ. ನಿಂತಿರಬೇಕಾದದ್ದು ಓಡುವುದಕ್ಕಿಂತ ಎರಡು ಪಟ್ಟು ಅಲುಗಾಡುತ್ತಿದೆ ಅಂದರೆ ವರ್ಮ್ ಸಡಿಲವಾಗಿರಬೇಕು, ಇಲ್ಲವೇ ಗಾಳಿ, ಇಲ್ಲವೇ ಜೋತುಬಿದ್ದ ಕೇಬಲ್, ಇಲ್ಲವೇ ಕೆಳಗಿನ ಟ್ರೈಪಾಡ್. ನಿಮ್ಮದರಲ್ಲಿ ಬ್ಯಾಕ್‌ಲ್ಯಾಶ್ ಅಂತೂ ಗ್ಯಾರಂಟಿ. ಉಳಿದವೂ ಸೇರಿಕೊಂಡಿವೆ ಅಂತ ನನ್ನ ಅನುಮಾನ.

ಒಂದು ಲೆಕ್ಕ ಹಾಕೋಣ. ನಿಮ್ಮ ಒಂದು ಪಿಕ್ಸೆಲ್ ಅಂದರೆ 206.265 × 3.76 ÷ 1000, ಅಂದಾಜು 0.78 ಆರ್ಕ್‌ಸೆಕೆಂಡ್. ನಿಮ್ಮ ತಾರಸಿಯ ಸೀಯಿಂಗ್ (ಗಾಳಿಯ ಕದಲಿಕೆಯಿಂದ ನಕ್ಷತ್ರ ಹರಡಿಕೊಳ್ಳುವ ಅಗಲ) 2.5 ಆರ್ಕ್‌ಸೆಕೆಂಡ್ ಅಂತ ಇಟ್ಟುಕೊಳ್ಳಿ. ಒಂದು ಅಕ್ಷದ ಆರ್‌ಎಂಎಸ್ ಅನ್ನು 2.355ರಿಂದ ಗುಣಿಸಿದರೆ ಆ ದಿಕ್ಕಿನಲ್ಲಿ ನಕ್ಷತ್ರವನ್ನು ಗೈಡಿಂಗ್ ಎಷ್ಟು ಹಿಗ್ಗಿಸುತ್ತದೆ ಅಂತ ಸಿಗುತ್ತದೆ. ಅದನ್ನೂ ಸೀಯಿಂಗನ್ನೂ ವರ್ಗ ಮಾಡಿ, ಕೂಡಿ, ವರ್ಗಮೂಲ ತೆಗೆಯಿರಿ. ನಿಮಗೆ ಆರ್‌ಎ ಕಡೆ 3.0, ಡೆಕ್ ಕಡೆ 4.5 ಬರುತ್ತದೆ. ಮೂರು ಅಗಲ, ನಾಲ್ಕೂವರೆ ಉದ್ದ. ಫೋಟೋದಲ್ಲಿ ಕಾಣುತ್ತಿರುವುದು ಅದೇ.

ಈಗ ದುಡ್ಡಿನ ಮಾತು. ಎರಡೂ ಅಕ್ಷ 0.5ಕ್ಕೆ ಇಳಿದರೆ ನಕ್ಷತ್ರದ ಅಗಲ ಸುಮಾರು 2.76. ಲಕ್ಷಗಟ್ಟಲೆ ಸುರಿದು 0.3 ಮಾಡಿದರೆ 2.6. ಆ ವ್ಯತ್ಯಾಸ ನಿಮ್ಮ ಕ್ಯಾಮೆರಾದಲ್ಲಿ ಕಾಲು ಪಿಕ್ಸೆಲ್ ಕೂಡ ಇಲ್ಲ. ಲಡಾಖ್‌ನ ಹಾನ್ಲೆಯಲ್ಲಿ 4500 ಮೀಟರ್ ಎತ್ತರದಲ್ಲಿ ಕೂತಿದ್ದರೆ ಮಾತು ಬೇರೆ. ಕೆಳಗೆ ಬಿಸಿಲಿಗೆ ಕಾದ ತಾರಸಿ ಇರುವಾಗ 1.6 ಅನ್ನು 0.6ಕ್ಕೆ ತರುವುದೇ ದೊಡ್ಡ ಗೆಲುವು. ಅದು ಒಂದು ಆಲನ್ ಕೀಯಲ್ಲೇ ಆಗಬಹುದು.

ಡೆಕ್ ಕ್ಲಚ್ ಬಿಗಿ ಮಾಡಿ, ಟ್ಯೂಬಿನ ತುದಿ ಹಿಡಿದು ಮೆಲ್ಲಗೆ ಆ ಕಡೆ ಈ ಕಡೆ ಆಡಿಸಿ. ಒಳಗೆ 'ಟಕ್' ಅಂದರೆ ವರ್ಮ್ ಮತ್ತು ಚಕ್ರದ ನಡುವೆ ಸಂದು ಇದೆ. ಡೆಕ್ ಹೌಸಿಂಗ್ ಪಕ್ಕದಲ್ಲಿ ಎದುರುಬದುರು ಎರಡು ಗ್ರಬ್ ಸ್ಕ್ರೂ ಇರುತ್ತವೆ. ಒಂದನ್ನು ಕಾಲು ಸುತ್ತಿಗಿಂತ ಕಡಿಮೆ ಸಡಿಲಿಸಿ, ಇನ್ನೊಂದನ್ನು ಅಷ್ಟೇ ಬಿಗಿ ಮಾಡಿ, ಮತ್ತೆ ಆಡಿಸಿ ನೋಡಿ. ಶಬ್ದ ನಿಂತ ತಕ್ಷಣ ನಿಲ್ಲಿಸಿಬಿಡಿ. ಆಮೇಲೆ ಮೋಟರ್‌ನಲ್ಲಿ ಪೂರ್ತಿ ಒಂದು ಸುತ್ತು ತಿರುಗಿಸಿ ಕಿವಿಗೊಡಿ. ಎಲ್ಲಾದರೂ ಕೊರಗುವ ಸದ್ದು ಬಂದರೆ ಜಾಸ್ತಿ ಬಿಗಿಯಾಗಿದೆ ಅಂತ ಅರ್ಥ.

ಧ್ರುವ ಕಾಣದಿದ್ದರೆ ಬಿಡಿ. ನೀನಾ (NINA) ಎಂಬ ತಂತ್ರಾಂಶದ ಮೂರು ಬಿಂದುಗಳ ಪೋಲಾರ್ ಅಲೈನ್‌ಮೆಂಟ್‌ಗೆ (ಆರ್‌ಎ ಅಕ್ಷವನ್ನು ಆಕಾಶದ ಧ್ರುವಕ್ಕೆ ಗುರಿ ಇಡುವುದಕ್ಕೆ) ಯಾವ ಕಡೆಯ ಆಕಾಶವಾದರೂ ಸಾಕು. ಹೇಗೂ ನಮ್ಮಲ್ಲಿ ಧ್ರುವ ದಿಗಂತದಿಂದ 13 ಡಿಗ್ರಿ ಮೇಲೆ ಇರುವುದು. ಅಷ್ಟು ಕೆಳಗೆ ಗಾಳಿಯ ವಕ್ರೀಭವನವೇ 4 ಆರ್ಕ್‌ಮಿನಿಟ್ ಎತ್ತಿ ತೋರಿಸುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಡೆಕ್‌ನಲ್ಲಿ ನಿಮಿಷಕ್ಕೆ ಹೆಚ್ಚೆಂದರೆ ಒಂದು ಆರ್ಕ್‌ಸೆಕೆಂಡ್ ಜಾರುತ್ತದೆ. ತಮಾಷೆ ಅಂದರೆ, ಬ್ಯಾಕ್‌ಲ್ಯಾಶ್ ಪೂರ್ತಿ ಹೋಗದಿದ್ದರೆ ಈ ಸಣ್ಣ ಜಾರಿಕೆಯೇ ಉಪಕಾರ. ಜಾರುವ ದಿಕ್ಕು ನೋಡಿಕೊಂಡು ಪಿಎಚ್‌ಡಿ2ನಲ್ಲಿ ಡೆಕ್ ಗೈಡಿಂಗ್ ಅನ್ನು ಉತ್ತರ ಅಥವಾ ದಕ್ಷಿಣ, ಒಂದೇ ಕಡೆಗೆ ಇಡಿ. ಹಲ್ಲು ಪಕ್ಕ ಬದಲಿಸುವ ಪ್ರಸಂಗವೇ ಬರುವುದಿಲ್ಲ.

ಕೇಸಿಂಗ್‌ಪೈಪ್ (ಕೋಲಾರ)

ಮೇಲಿನದ್ದೆಲ್ಲಾ ಸರಿ. ಆದರೆ ಎರಡು ಕಾಲು ಉತ್ತರಕ್ಕೆ ಅಂದ್ರಲ್ಲಾ, ನನಗೆ ಅಲ್ಲೇ ಕಣ್ಣು ನಿಂತಿತು.

ನಮ್ಮ ಅಕ್ಷಾಂಶದಲ್ಲಿ ಆರ್‌ಎ ಅಕ್ಷ ಹೆಚ್ಚುಕಡಿಮೆ ಮಲಗಿರುತ್ತದೆ. ಟ್ಯೂಬು, ವೇಟು ಎಲ್ಲಾ ಟ್ರೈಪಾಡ್‌ನ ನಡುವಿನಿಂದ ಉತ್ತರಕ್ಕೆ ಚಾಚಿಕೊಂಡಿರುತ್ತವೆ. ಒಂದು ಕಾಲು ಉತ್ತರಕ್ಕಿದ್ದರೆ ಆ ದಿಕ್ಕಿಗೆ ಕಾಲಿನ ತುದಿಯವರೆಗೂ ಆಸರೆ ಇದೆ. ಎರಡು ಕಾಲು ತಿರುಗಿಸಿ ಇಟ್ಟರೆ ಆಸರೆ ಆ ಎರಡರ ನಡುವಿನ ಗೆರೆಗೆ ನಿಂತುಹೋಗುತ್ತದೆ, ಅಂದರೆ ಸರಿಯಾಗಿ ಅರ್ಧ. ವೇಟ್ ತಾಗುವುದು ತಪ್ಪಿತು, ಅಲುಗಾಟ ಬಂತು. ಟ್ರೈಪಾಡ್ ಮೇಲೆ ಒಂದು ಪಿಯರ್ ಎಕ್ಸ್‌ಟೆನ್ಷನ್ (ಮೌಂಟನ್ನು ಎತ್ತರಿಸುವ ತುಂಡು ಕಂಬ) ಹಾಕಿ ಕಾಲನ್ನು ಮತ್ತೆ ಉತ್ತರಕ್ಕೆ ತಿರುಗಿಸಿ. ಅದಕ್ಕಿಂತ ಒಳ್ಳೆಯದು ಅಂದರೆ ಕಂಬ ನಿಲ್ಲಿಸುವುದು.

ಆಲ್ಟಿಟ್ಯೂಡ್ ಬೋಲ್ಟನ್ನೂ (ಆರ್‌ಎ ಅಕ್ಷವನ್ನು ಮೇಲೆ ಕೆಳಗೆ ಹೊಂದಿಸುವುದು) ನೋಡಿ. ಇಷ್ಟು ಕೆಳಗಿನ ಕೋನದಲ್ಲಿ ಭಾರವೆಲ್ಲಾ ಅದರ ತುದಿಗೆ ಬೀಳುತ್ತದೆ, ಹಳೆಯ ಮೌಂಟ್‌ಗಳಲ್ಲಿ ಬೋಲ್ಟ್ ಬಾಗಿಯೇ ಹೋಗಿರುತ್ತದೆ. ಅಲೈನ್ ಮಾಡುವಾಗ ಕೊನೆಯ ತಿರುವು ಯಾವಾಗಲೂ ಮೇಲಕ್ಕೆ ಎತ್ತುವ ಕಡೆಗೇ ಇರಲಿ.

ಗುಡಿಬಂಡೆ_ಗೂಬೆ (ಗುಡಿಬಂಡೆ)

ನಾನು ಪೂರ್ತಿ ಒಪ್ಪುವುದಿಲ್ಲ. ವರ್ಮ್ ಗೇರ್ ಜೊತೆ ರಾತ್ರಿಯೆಲ್ಲಾ ಗುದ್ದಾಡುವ ಬದಲು ಸೀದಾ ಹಾರ್ಮೋನಿಕ್ ಗೇರ್‌ನ (ಬಾಗುವ ತೆಳು ಹಲ್ಲುಚಕ್ರದ) ಎಎಂ5ಗೆ ಹೋಗಿ ಅಣ್ಣ. ಬ್ಯಾಕ್‌ಲ್ಯಾಶ್ ಇಲ್ಲ ಅಂತಲೇ ಹೇಳಬಹುದು, ಮೌಂಟ್ ತಲೆ ಬರೀ 5 ಕೆ.ಜಿ. ಸಂಜೆ ಬೈಕಿನಲ್ಲಿ ಇಟ್ಟುಕೊಂಡು ಕತ್ತಲಿರುವ ಕಡೆ ಹೋಗಬಹುದು. ನಾನು ಚಿಕ್ಕ ರಿಫ್ರಾಕ್ಟರ್ (ಮಸೂರದ ಟೆಲಿಸ್ಕೋಪ್) ಹಾಕಿಕೊಂಡು ಹಾಗೇ ಮಾಡುವುದು. ಚಿಕ್ಕಬಳ್ಳಾಪುರದ ತಾರಸಿಯಿಂದ ದಕ್ಷಿಣಕ್ಕೆ ಬೆಂಗಳೂರಿನ ಬೆಳಕು ಬಿಟ್ಟರೆ ಇನ್ನೇನು ಕಾಣುತ್ತೆ?

ದುರ್ಗದಬೆಟ್ಟ (ತುಮಕೂರು)

ಕತ್ತಲಿನ ವಿಷಯ ನಿಜ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಇವರದ್ದು ಚಿಕ್ಕ ರಿಫ್ರಾಕ್ಟರ್ ಅಲ್ಲ. ಎಎಂ5 ಕೌಂಟರ್‌ವೇಟ್ ಇಲ್ಲದೆ 13 ಕೆ.ಜಿ., ಹಾಕಿದರೆ 20 ಕೆ.ಜಿ. ಹೊರುತ್ತದೆ. ಇವರು ಸರಿಯಾಗಿ 13ರ ಅಂಚಿನಲ್ಲಿದ್ದಾರೆ, ಮೇಲಾಗಿ ಉದ್ದನೆಯ ಟ್ಯೂಬು, ಗಾಳಿ ಬೀಸಿದರೆ ಪೂರ್ತಿ ಮೈಯೊಡ್ಡುತ್ತದೆ. ವೇಟ್ ಹಾಕಲೇಬೇಕು. ಹಾಕಿದರೆ ಅದೇ ಕಾಲು ತಾಗುವ ಸಮಸ್ಯೆ, ಅದೇ ಎಕ್ಸ್‌ಟೆನ್ಷನ್. ಆ ಹಗುರ ತಲೆ ಹಗುರ ಟ್ರೈಪಾಡ್ ಮೇಲೆ ಕೂತು, ವೇಟ್ ಇಲ್ಲದೆ ಟ್ಯೂಬು ಪಕ್ಕಕ್ಕೆ ಚಾಚಿದಾಗ ಮಗುಚುವ ಭಯವೂ ಇದೆ.

ಹಾರ್ಮೋನಿಕ್‌ನಲ್ಲಿ ಪೀರಿಯಾಡಿಕ್ ಎರರ್ (ಗೇರ್ ತಿರುಗಿದಂತೆ ಮತ್ತೆ ಮತ್ತೆ ಬರುವ ಏರುಪೇರು) ಕೂಡ ಜಾಸ್ತಿ. ಎಎಂ5ಗೆ ಕಂಪನಿಯೇ ಹೇಳುವುದು ±20 ಆರ್ಕ್‌ಸೆಕೆಂಡ್ ಒಳಗೆ ಅಂತ, ಸುಮಾರು 430 ಸೆಕೆಂಡಿಗೆ ಒಂದು ಆವರ್ತ. ಅಂದರೆ ಕೆಟ್ಟ ಗಳಿಗೆಯಲ್ಲಿ ಸೆಕೆಂಡಿಗೆ 0.3 ಆರ್ಕ್‌ಸೆಕೆಂಡ್ ಓಡುತ್ತದೆ. ಗೈಡ್ ಎಕ್ಸ್‌ಪೋಷರ್ ಅರ್ಧದಿಂದ ಒಂದು ಸೆಕೆಂಡ್ ಇಡಬೇಕು. ಮೂರು ಸೆಕೆಂಡ್ ಇಟ್ಟು ಕೂರುವ ಅಭ್ಯಾಸ ಇದ್ದರೆ ಬಿಡಬೇಕು. ಯಾವ ಹಾರ್ಮೋನಿಕ್ ಆದರೂ ಕರೆಂಟ್ ಹೋದಾಗ ಆರ್‌ಎ ಹಿಡಿದಿಡುವ ಬ್ರೇಕ್ ಇದೆಯಾ ಕೇಳಿ. ನಮ್ಮೂರ ಕರೆಂಟ್ ಗೊತ್ತಲ್ಲ.

ಜಿಎಂ1000 ಬಗ್ಗೆ: 25 ಕೆ.ಜಿ. ಹೊರುತ್ತದೆ, ಎರಡೂ ಅಕ್ಷಕ್ಕೆ ಅಬ್ಸಲ್ಯೂಟ್ ಎನ್ಕೋಡರ್. ಆಕಾಶದ ಹಲವು ಕಡೆ ನಕ್ಷತ್ರ ತೋರಿಸಿ ಮಾಡೆಲ್ ಮಾಡಿಕೊಟ್ಟರೆ ಗೈಡ್ ಕ್ಯಾಮೆರಾ ಇಲ್ಲದೆಯೇ ಓಡುತ್ತದೆ. ಚೆಂದದ ಯಂತ್ರ. ಆದರೆ ಎನ್ಕೋಡರ್ ಅಳೆಯುವುದು ಶಾಫ್ಟ್‌ನ ಕೋನವನ್ನು ಮಾತ್ರ. ತಾರಸಿ ನಡುಗಿದ್ದು, ನ್ಯೂಟೋನಿಯನ್‌ನ ಕನ್ನಡಿ ಜರುಗಿದ್ದು ಅದಕ್ಕೆ ಗೊತ್ತೇ ಆಗುವುದಿಲ್ಲ. ಪ್ರತಿ ರಾತ್ರಿ ಟ್ರೈಪಾಡ್ ಬಿಚ್ಚಿ ಜೋಡಿಸುವವರಿಗೆ ಮಾಡೆಲ್‌ನ ಲಾಭ ಅರ್ಧಕ್ಕರ್ಧ ಹೋಯಿತು. ಮುಂದೆ 2000 ಮಿ.ಮೀ. ಟೆಲಿಸ್ಕೋಪ್, ಖಾಯಂ ಕಂಬ ಎರಡೂ ಬರುವುದಾದರೆ ಮಾತ್ರ ಆ ಬೆಲೆಗೆ ಅರ್ಥ.

ಸಿಇಎಂ70 ಹೊರುವುದು 31.8 ಕೆ.ಜಿ., ತಲೆಯ ತೂಕ 13.6 ಕೆ.ಜಿ. ಭಾರ ಟ್ರೈಪಾಡ್‌ನ ನಡುವೆ ಬೀಳುವ ಹಾಗೆ ಮಾಡಿದ ವಿನ್ಯಾಸ, ನಮ್ಮ ಅಕ್ಷಾಂಶದಲ್ಲಿ ಅದು ಸಣ್ಣ ವಿಷಯವಲ್ಲ. ನಿಮ್ಮ ಮೂರರಲ್ಲಿ ತಾರಸಿಗೆ ನನ್ನ ಓಟು ಇದಕ್ಕೆ.

ಯಾವುದೇ ಮೌಂಟ್‌ಗೂ ಕೈಪಿಡಿಯಲ್ಲಿ ಮೊದಲು ನೋಡಬೇಕಾದದ್ದು ಅಕ್ಷಾಂಶದ ಮಿತಿ. ಕೆಲವು 15 ಡಿಗ್ರಿಗಿಂತ ಕೆಳಗೆ ಇಳಿಯುವುದೇ ಇಲ್ಲ. ಚಿಕ್ಕಬಳ್ಳಾಪುರ 13.4, ತುಮಕೂರು 13.3, ಕೋಲಾರ 13.1. ಅಂಥದ್ದನ್ನು ತಂದರೆ ಕೆಳಗೆ ಬೆಣೆ ಕೊಟ್ಟು ಓರೆ ಮಾಡಬೇಕಾಗುತ್ತದೆ. ಗೌರಿಬಿದನೂರಿನ ರೇಡಿಯೋ ವೀಕ್ಷಣಾಲಯದವರು ಜಾಣರು. 1976ರಲ್ಲಿ ಶುರುವಾದ ಅಲ್ಲಿನ ಟಿ ಆಕಾರದ ಸಾವಿರ ಡೈಪೋಲ್ ಆಂಟೆನಾಗಳಿಗೆ ಮೌಂಟೇ ಬೇಕಿರಲಿಲ್ಲ, ತಿರುಗಿಸುವ ಕೆಲಸ ಭೂಮಿಯದ್ದು.

ನಂದಿತಪ್ಪಲು (ಚಿಕ್ಕಬಳ್ಳಾಪುರ)

ಗ್ರಬ್ ಸ್ಕ್ರೂ ತಿರುಗಿಸಿದೆ, 'ಟಕ್' ನಿಂತಿತು. ಡೆಕ್ ಗೈಡಿಂಗ್ ಒಂದೇ ಕಡೆಗೆ ಇಟ್ಟೆ. ಗಾಳಿ ಇಲ್ಲದಾಗ ಡೆಕ್ 0.8. ನಕ್ಷತ್ರ ದುಂಡಗಿದೆ! ಗಾಳಿ ಎದ್ದರೆ ಮತ್ತೆ 1.3ಕ್ಕೆ ಹೋಗುತ್ತದೆ. ಯಾರಾದರೂ ಮೆಟ್ಟಿಲು ಹತ್ತಿ ಬಂದರೆ ಗ್ರಾಫ್‌ನ ಆರ್‌ಎ, ಡೆಕ್ ಎರಡೂ ಗೆರೆ ಒಟ್ಟಿಗೆ ಜಿಗಿಯುತ್ತವೆ.

ಕೇಸಿಂಗ್‌ಪೈಪ್ (ಕೋಲಾರ)

ಎರಡೂ ಒಟ್ಟಿಗೆ ಜಿಗಿದರೆ ಅದು ಗೇರ್ ಅಲ್ಲ, ನೆಲ. ಈಗ ಕಂಬದ ವಿಷಯಕ್ಕೆ ಬನ್ನಿ.

ಬೋರ್‌ವೆಲ್‌ಗೆ ಹಾಕುವ ಎಂಎಸ್ ಕೇಸಿಂಗ್ ಪೈಪ್ ತುಂಡು ಕೇಳಿ, 6 ಇಂಚಿನದು ಅಥವಾ ದೊಡ್ಡದು. ನಮ್ಮ ಜಿಲ್ಲೆಗಳಲ್ಲಿ ಅದಕ್ಕೇನು ಬರವೇ? ಪಿವಿಸಿ ಬೇಡ. ಗೋಡೆಯ ದಪ್ಪ ಅಷ್ಟೇ ಇದ್ದು ವ್ಯಾಸ ಎರಡು ಪಟ್ಟಾದರೆ ಪೈಪು ಎಂಟು ಪಟ್ಟು ಗಟ್ಟಿ. ಎತ್ತರ ಎರಡು ಪಟ್ಟಾದರೆ ಬಾಗುವುದೂ ಎಂಟು ಪಟ್ಟು. ಹಾಗಾಗಿ ದಪ್ಪ ಇರಲಿ, ಗಿಡ್ಡ ಇರಲಿ. ಕೆಳಗೆ 12 ಮಿ.ಮೀ. ಪ್ಲೇಟು, ನಾಲ್ಕು ಗಸೆಟ್ (ಮೂಲೆಗೆ ಬೆಸುಗೆ ಹಾಕುವ ತ್ರಿಕೋನದ ಆಸರೆ). ಒಳಗೆ ಒಣಗಿದ ಎಂ ಸ್ಯಾಂಡ್ ತುಂಬಿದರೆ ನಡುಕ ಬೇಗ ಸಾಯುತ್ತದೆ.

ಸ್ಲ್ಯಾಬ್ ನಡುವೆ ನಿಲ್ಲಿಸಬೇಡಿ. ಪಿಲ್ಲರ್ ತಲೆ ಇರುವ ಜಾಗ ಹುಡುಕಿ. ಮುಂದೆ ಇನ್ನೊಂದು ಮಹಡಿ ಕಟ್ಟೋಣ ಅಂತ ಕಂಬಿ ಬಿಟ್ಟಿದ್ದೀರಾ? ಬಿಟ್ಟಿದ್ದರೆ ಅದೃಷ್ಟ. ಆ ಕಂಬಿಗೇ ಜೆ ಬೋಲ್ಟ್ ಕಟ್ಟಿ ಒಂದು ಅಡಿ ಕಾಂಕ್ರೀಟ್ ಹಾಕಿಸಿ, ಅದರ ಮೇಲೆ ಕಂಬ. ಸ್ಲ್ಯಾಬ್‌ಗೆ ಡ್ರಿಲ್ ಇಡುವ ಅಗತ್ಯವೇ ಇಲ್ಲ. ಮಳೆಗಾಲದಲ್ಲಿ ಸೋರಿದರೆ ಮನೆಯವರು ಮೌಂಟನ್ನೂ ನಿಮ್ಮನ್ನೂ ಒಟ್ಟಿಗೆ ಹೊರಗೆ ಹಾಕುತ್ತಾರೆ.

ಮೇಲೆ ಉದ್ದುದ್ದ ಥ್ರೆಡ್ ರಾಡ್ ಇಟ್ಟು ಎರಡು ತಟ್ಟೆ ಮಾಡಿ ಲೆವೆಲ್ ಮಾಡುವ ಚಿತ್ರಗಳನ್ನು ನೋಡಿ ಮರುಳಾಗಬೇಡಿ. ಅಲುಗಾಡುವುದೇ ಅಲ್ಲಿ. ಪೋಲಾರ್ ಅಲೈನ್ ಸರಿಯಿದ್ದರೆ ಕಂಬ ಕೂದಲೆಳೆಯಷ್ಟು ಲೆವೆಲ್ ತಪ್ಪಿದ್ದರೂ ಏನೂ ಆಗುವುದಿಲ್ಲ.

ನಂದಿತಪ್ಪಲು (ಚಿಕ್ಕಬಳ್ಳಾಪುರ)

ಕಂಬಿ ಬಿಟ್ಟಿದ್ದೇವೆ, ಈಶಾನ್ಯ ಮೂಲೆಯಲ್ಲಿ. ಅಲ್ಲಿಂದ ಟ್ಯಾಂಕೂ ಸ್ವಲ್ಪ ಪಕ್ಕಕ್ಕೆ ಸರಿಯುತ್ತದೆ. ಹಾಗಾದರೆ ಮೊದಲು ಕಂಬ, ಈ ಸೀಸನ್ ಹಳೆಯ ಮೌಂಟ್‌ನಲ್ಲೇ. ಮಾರ್ಚ್ ಕಳೆದ ಮೇಲೆ ಸಿಇಎಂ70. ಬಾಗೇಪಲ್ಲಿ ಕಡೆ ಹೋಗುವ ಆಸೆಗೆ ಎಎಂ5 ಮತ್ತೆಂದಾದರೂ ನೋಡೋಣ. ಮೇಲ್ತಟ್ಟೆಗೆ ಈಗಲೇ ತೂತು ಹಾಕಿಸಲಾ?

ಕೇಸಿಂಗ್‌ಪೈಪ್ (ಕೋಲಾರ)

ಬೇಡ. ಒಂದೊಂದು ಕಂಪನಿಯ ತಳಕ್ಕೆ ಒಂದೊಂದು ಅಳತೆ. ಕಂಬದ ತಲೆಗೆ ಬರೀ ದಪ್ಪ ಫ್ಲೇಂಜ್ ಬೆಸುಗೆ ಹಾಕಿಸಿ, ಹೊರ ಅಂಚಿನಲ್ಲಿ ಆರು ತೂತು ಸಾಕು. ಅದರ ಮೇಲೆ ಬೋಲ್ಟ್ ಹಾಕಿ ಕೂರಿಸುವ ಅಡಾಪ್ಟರ್ ತಟ್ಟೆ ಬೇರೆ ಮಾಡಿಸಿದರೆ ಇವತ್ತು ಹಳೆಯ ಮೌಂಟ್, ನಾಳೆ ಹೊಸದು, ತಟ್ಟೆ ಮಾತ್ರ ಬದಲು. ಈಗಿನ ಮೌಂಟ್‌ನ ತಳದ ವ್ಯಾಸ, ನಡುವಿನ ಬೋಲ್ಟ್ ಎಷ್ಟು ಎಂಎಂ, ಅಜಿಮತ್ ಗೂಟ (ಮೌಂಟನ್ನು ಎಡಕ್ಕೆ ಬಲಕ್ಕೆ ಹೊಂದಿಸುವಾಗ ಸ್ಕ್ರೂ ಒತ್ತುವುದು) ನಡುವಿನಿಂದ ಎಷ್ಟು ದೂರ, ಈ ಮೂರನ್ನು ವರ್ನಿಯರ್‌ನಲ್ಲಿ ಅಳೆದು ಇಲ್ಲೇ ಹಾಕಿ. ಡ್ರಾಯಿಂಗ್ ಮಾಡಿಕೊಡುತ್ತೇನೆ, ನಿಮ್ಮೂರ ಲೇತ್ ಅಂಗಡಿಯಲ್ಲೇ ಮಾಡಿಸಬಹುದು. ಗೂಟ ಉತ್ತರಕ್ಕೆ ಬರಬೇಕು, ಕಾಂಕ್ರೀಟ್ ಹಾಕುವ ದಿನ ಜೆ ಬೋಲ್ಟ್ ಕೂರಿಸುವಾಗಲೇ ದಿಕ್ಕು ಗುರುತು ಮಾಡಿಕೊಳ್ಳಿ.