ಊತ ಇಳಿದಿದೆ, ಸ್ಟೀರಾಯ್ಡ್ ನಿಲ್ಲಿಸಬಹುದಾ?

ಮಾನ್ವಿ ಊರಿನ ಅಮ್ಮ: ಮಗನಿಗೆ ನಾಲ್ಕು ವರ್ಷ. ಬೆಳಿಗ್ಗೆ ಎದ್ದರೆ ಕಣ್ಣಿನ ಸುತ್ತ ಬಾವು. ಆಮೇಲೆ ಹೊಟ್ಟೆಯೂ ಊದಿ, ಚಡ್ಡಿಯ ಎಲಾಸ್ಟಿಕ್ ಗುರುತು ಸಂಜೆವರೆಗೂ ಹೋಗ್ತಿರಲಿಲ್ಲ. ರಾಯಚೂರಲ್ಲಿ ಅಡ್ಮಿಟ್ ಮಾಡಿದೆವು. ನೆಫ್ರೋಟಿಕ್ ಸಿಂಡ್ರೋಮ್ ಅನ್ನೋ ಕಿಡ್ನಿ ಕಾಯಿಲೆ ಅಂದರು, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಂತೆ. ಈಗ ಊತ ಇಳಿದಿದೆ. ಸ್ಟೀರಾಯ್ಡ್ ಮಾತ್ರೆ ಜಾಸ್ತಿ ಕೊಡಬೇಡ, ನಿಲ್ಲಿಸು ಅಂತ ಅತ್ತೆ ಹೇಳ್ತಾರೆ. ನನಗೂ ಭಯ.

ಮಕ್ಕಳ ವಾರ್ಡ್ ನರ್ಸ್, ಸಿಂಧನೂರು: ಅಕ್ಕ, ದಯವಿಟ್ಟು ನಿಲ್ಲಿಸಬೇಡಿ. ಮೊದಲ ಸಲ ಬಂದಾಗ ಸಾಮಾನ್ಯವಾಗಿ 6 ವಾರ ದಿನಾ, ಆಮೇಲೆ 6 ವಾರ ದಿನ ಬಿಟ್ಟು ದಿನ ಕೊಡ್ತಾರೆ. ಮಾತ್ರೆ ಇರುವಾಗ ಮೈ ತನ್ನ ಸ್ಟೀರಾಯ್ಡ್ ಮಾಡೋದನ್ನ ಕಡಿಮೆ ಮಾಡಿರುತ್ತೆ, ಥಟ್ಟನೆ ನಿಲ್ಲಿಸಿದರೆ ಅಪಾಯ. ಹೆಚ್ಚಿನ ಮಕ್ಕಳಿಗೆ ಇದೇ ಮಾತ್ರೆಯಿಂದ ಗುಣ ಕಾಣುತ್ತೆ. ಜ್ವರ, ಹೊಟ್ಟೆನೋವು ಬಂದರೆ ಅದೇ ದಿನ ಆಸ್ಪತ್ರೆಗೆ ಬನ್ನಿ. ವಾಂತಿ ಭೇದಿ ಆದರೂ ಅಷ್ಟೇ. ಮೈಯಲ್ಲಿ ನೀರು ಕಡಿಮೆಯಾದರೆ ಚೆನ್ನಾಗಿದ್ದ ಮಕ್ಕಳ ಕಿಡ್ನಿಗೂ ಪೆಟ್ಟು ಬೀಳಬಹುದು.

ಲಿಂಗಸುಗೂರಿನ ಅಪ್ಪ: ನನ್ನ ಮಗಳಿಗೂ ಇದೇ. ಮೂತ್ರದಲ್ಲಿ ಪ್ರೋಟೀನ್ ಎಷ್ಟಿದೆ ಅಂತ ನೋಡುವ ಸ್ಟ್ರಿಪ್ ಮೆಡಿಕಲ್ ಶಾಪಲ್ಲಿ ಸಿಗುತ್ತೆ. ಬೆಳಗಿನ ಮೊದಲ ಮೂತ್ರ ನೋಡಿ, ನೋಟ್‌ಬುಕ್ಕಲ್ಲಿ ಬರೆದಿಡಿ. ಸತತ 3 ದಿನ ಸ್ಟ್ರಿಪ್‌ನಲ್ಲಿ 3+ (ಪ್ರೋಟೀನ್ ತುಂಬಾ ಹೋಗ್ತಿದೆ ಅಂತ) ಅಥವಾ ಜಾಸ್ತಿ ಬಂದರೆ ಕಾಯಿಲೆ ಮರುಕಳಿಸಿದೆ ಅಂತ, ಡಾಕ್ಟರಿಗೆ ತೋರಿಸಿ. ಊತ ಇರುವಾಗ ಉಪ್ಪಿನಕಾಯಿ, ಹಪ್ಪಳ ಬೇಡ. ಲಸಿಕೆ ಹಾಕಿಸೋ ಮುಂಚೆ ಸ್ಟೀರಾಯ್ಡ್ ನಡೀತಿದೆ ಅಂತ ಹೇಳಿ, ಕೆಲವು ಲಸಿಕೆಗಳನ್ನು ಮುಂದಕ್ಕೆ ಹಾಕಬೇಕಾಗುತ್ತೆ.